ಹಬೆ ಸೊಸೆಗೆ, ಸೂಜಿ ಮಗಳಿಗೆ

ಕೆಟಲಿನ ಮೂತಿಯಿಂದ ಬರುತ್ತಿದ್ದ ಹಬೆಗೆ ಕಂದು ಬಣ್ಣದ ಟೋಪಿಯೊಂದನ್ನು ಒಡ್ಡಿ ಟೋಪಿಯಮ್ಮ ಅದನ್ನು ನಿಧಾನವಾಗಿ ತಿರುಗಿಸುತ್ತಿದ್ದರು. ಒಂದು ಸುತ್ತು ಮುಗಿದ ಮೇಲೆ ಟೋಪಿಯನ್ನು ಹಬೆಯಿಂದ ಸರಿಸಿ ಎಡಗೆನ್ನೆಗೆ ಒತ್ತಿಕೊಂಡರು. ಮತ್ತೆ ಹಬೆಗೆ ಹಿಡಿದರು. ಮತ್ತೆ ಕೆನ್ನೆಗೆ. ಬೀದಿಯಿಂದ ನೋಡಿದವರಿಗೆ ಮಗುವನ್ನು ಮುದ್ದಿಸಿದ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅವರ ಬೆರಳ ತುದಿಗಳಿಗೆ ಬಿಸಿ ಎಷ್ಟು, ಒದ್ದೆ ಎಷ್ಟು, ಮೆತ್ತಗಾಗಿದೆಯೇ ಇಲ್ಲವೇ ಎನ್ನುವುದು ತಿಳಿಯುವುದು ನಿಂತುಹೋಗಿತ್ತು. ಕೆನ್ನೆಗೆ ಇನ್ನೂ ತಿಳಿಯುತ್ತಿತ್ತು.

ಈ ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಮೇಜಿನ ಆಚೆ ಬದಿಯಲ್ಲಿ ಅವರ ಗಂಡನ ತಂಗಿ ಟೋಪಿಯೊಂದಕ್ಕೆ ರಿಬ್ಬನ್ ಹೊಲಿಯುತ್ತ ಕೂತಿದ್ದಳು. ಅತ್ತಿಗೆಯ ಕೈ ಕೆನ್ನೆಯ ಕಡೆ ಹೋದಾಗಲೆಲ್ಲ ನಾದಿನಿಯ ತಲೆ ಸೂಜಿಯ ಮೇಲೆ ಇನ್ನಷ್ಟು ಬಾಗುತ್ತಿತ್ತು. ಒಂದೇ ಮನೆಯಲ್ಲಿ ಬಹಳ ಕಾಲ ಬದುಕಿದವರಿಗೆ ನೋಡಿಯೂ ನೋಡದ ಹಾಗಿರುವುದು ಕಷ್ಟವೇನಲ್ಲ.

ಅಂಗಡಿಗೆ ಒಂದು ಬಾಗಿಲು, ಒಂದು ಕಿಟಕಿ. ಕಿಟಕಿಯ ಗಾಜು ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಹಬೆಯಿಂದ ಮಂಜಾಗುತ್ತದೆ. ಮಧ್ಯಾಹ್ನದವರೆಗೆ ಹಾಗೇ ಇರುತ್ತದೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬೇರೆ ಬೇರೆ ಅಳತೆಯ ಮರದ ತಲೆಗಳು. ಕಣ್ಣು ಮೂಗು ಇಲ್ಲದ, ಕೈಯಾಡಿ ಆಡಿ ಎಣ್ಣೆ ಹಚ್ಚಿದಂತೆ ಮಿರುಗುವ ಬೋಳು ತಲೆಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ ನಾದಿನಿ 'ಅಣ್ಣ' ಎಂದು ಹೆಸರಿಟ್ಟಿದ್ದಾಳೆ. "ಅಣ್ಣನ್ನ ಸ್ವಲ್ಪ ಈ ಕಡೆ ಕೊಡಿ ಅತ್ತಿಗೆ, ಧೂಳು ಹಿಡಿದಿದೆ" ಎಂದು ಆಕೆ ಕೇಳುವುದು ಪಕ್ಕದ ಅಂಗಡಿಯಲ್ಲಿರುವ ನಿಜವಾದ ಅಣ್ಣನಿಗೂ ಕೇಳಿಸುತ್ತದೆ. ಪಕ್ಕದ್ದು ಕ್ಷೌರದಂಗಡಿ. ನಡುವೆ ಹಲಗೆಯ ಗೋಡೆ, ಅದಕ್ಕೊಂದು ಚಿಕ್ಕ ಬಾಗಿಲು. ಎರಡೂ ಅಂಗಡಿಗೆ ಬಿಸಿನೀರು ಒಂದೇ ಬಾಯ್ಲರಿನಿಂದ ಬರುತ್ತದೆ. "ಆ ಬಾಗಿಲಲ್ಲಿ ಬೋಳಿಸ್ತಾರೆ, ಈ ಬಾಗಿಲಲ್ಲಿ ಟೋಪಿ ಹಾಕ್ತಾರೆ" ಎನ್ನುವುದು ಬೀದಿಯ ಹಳೆಯ ತಮಾಷೆ. ಹೊಸದಾಗಿ ಬಂದವರು ಪ್ರತಿಯೊಬ್ಬರೂ ಅದನ್ನು ತಾವೇ ಕಂಡುಹಿಡಿದವರಂತೆ ಹೇಳುತ್ತಾರೆ. ಗಂಡ ಹೆಂಡತಿ ಇಬ್ಬರೂ ಪ್ರತಿ ಸಲವೂ ನಗುತ್ತಾರೆ.

ಈ ಟೋಪಿಗಳ ಫೆಲ್ಟ್ ಬಟ್ಟೆಗೆ ನೂಲಿಲ್ಲ, ನೇಯ್ಗೆಯಿಲ್ಲ. ಉಣ್ಣೆಯನ್ನೋ ಮೊಲದ ಕೂದಲನ್ನೋ ಬಿಸಿನೀರಿನಲ್ಲಿ ಹಿಸುಕಿ, ಒತ್ತಿ, ಒಂದಕ್ಕೊಂದು ಸಿಕ್ಕಿಹಾಕಿಸಿದ್ದು. ಹೇಗೆ ಹುಟ್ಟಿತೋ ಹಾಗೇ ಬದುಕುತ್ತದೆ: ಹಬೆ ತಾಗಿದರೆ ಹಳೆಯ ಆಕಾರ ಬಿಡುತ್ತದೆ, ತಣ್ಣಗಾಗುವಾಗ ಕೊಟ್ಟ ಆಕಾರ ಹಿಡಿಯುತ್ತದೆ. ಬಿಡುವುದಕ್ಕೂ ಹಿಡಿಯುವುದಕ್ಕೂ ನಡುವೆ ಒಂದು ಗಳಿಗೆ ಇದೆ. ಆ ಗಳಿಗೆಗೆ ಈ ಅಂಗಡಿಯಲ್ಲಿ 'ಒಪ್ಪಿತು' ಎನ್ನುತ್ತಾರೆ. ಒಪ್ಪುವ ಮೊದಲು ಎಳೆದರೆ ಟೋಪಿ ಹಠ ಮಾಡಿ ಹಳೆಯ ಆಕಾರಕ್ಕೇ ಮರಳುತ್ತದೆ. ಒಪ್ಪಿದ ಮೇಲೂ ಎಳೆಯುತ್ತಲೇ ಇದ್ದರೆ ಕೂದಲು ಕೂದಲಿನಿಂದ ಜಾರಿ ಆ ಜಾಗ ತೆಳುವಾಗುತ್ತದೆ. ಮೇಲೆ ನೋಡಿದರೆ ಏನೂ ಕಾಣುವುದಿಲ್ಲ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಒಪ್ಪಿತೋ ಇಲ್ಲವೋ ಎಂದು ಹೇಳುವ ಗಡಿಯಾರವಿಲ್ಲ. ಬೆರಳ ತುದಿಗೇ ತಿಳಿಯಬೇಕು.

ಅದನ್ನು ಟೋಪಿಯಮ್ಮನಿಗೆ ಕಲಿಸಿದವರು ಅವರ ಅತ್ತೆ. ಸೊಸೆ ಮನೆಗೆ ಬಂದ ಹೊಸತರಲ್ಲಿ ಅತ್ತೆ ಕೆಲಸವನ್ನು ಎರಡು ಪಾಲು ಮಾಡಿದರು. ಹಬೆ ಸೊಸೆಗೆ, ಸೂಜಿ ಮಗಳಿಗೆ. ಆಕಾರ ಕೊಡುವುದು, ಹಿಗ್ಗಿಸುವುದು, ಅಂಚು ನೇರ ಮಾಡುವುದು ಸೊಸೆಯ ಪಾಲು. ಅಸ್ತರು, ರಿಬ್ಬನ್, ಹಣೆಗೆ ತಾಗುವ ಚರ್ಮದ ಬೆವರುಪಟ್ಟಿ ಮಗಳ ಪಾಲು. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕಬಾರದು. ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಪಾಲು ಹಾಗೇ ಉಳಿದಿತ್ತು. ಆಗ ಎರಡು ಜಡೆಯ ಹುಡುಗಿಯಾಗಿದ್ದ ನಾದಿನಿಗೆ ಈಗ ಕನ್ನಡಕ ಬಂದಿದೆ, ಕೂದಲು ಅರ್ಧ ಬೆಳ್ಳಗಾಗಿದೆ. ಮನೆಯಲ್ಲಿ ಅವಳ ಹೆಸರು ಇನ್ನೂ ಪುಟ್ಟಿಯೇ.

ಟೋಪಿಯಮ್ಮನಿಗೆ ಸಾಕಾಗಿತ್ತು. ಬಲಗಡೆಯ ಭುಜ ಬೆಳಗ್ಗೆ ಏಳುವಾಗಲೇ ನೋಯುತ್ತಿತ್ತು. ದಿನವಿಡೀ ನಿಂತು ಪಾದ ಊದಿ, ಸಂಜೆ ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ರಾತ್ರಿ ಮಲಗುವವರೆಗೂ ಹೋಗುತ್ತಿರಲಿಲ್ಲ. ಒದ್ದೆ ಉಣ್ಣೆಯ ವಾಸನೆ ತಲೆಗೂದಲಿಗೆ ಹತ್ತಿ, ಅಲ್ಲಿಂದ ದಿಂಬಿಗೆ ಹತ್ತಿ, ಎಷ್ಟು ಒಗೆದರೂ ಬಿಡುತ್ತಿರಲಿಲ್ಲ. "ಕುರಿ ಕಟ್ಕೊಂಡು ಸಂಸಾರ ಮಾಡ್ದ ಹಾಗಾಗಿದೆ" ಎಂದು ಗಂಡ ಹೇಳುವುದುಂಟು. "ಕಟ್ಟಿಕೊಂಡಿದ್ದು ನೀವು, ಮೇವು ಹಾಕಿದ್ದು ನಾನು" ಎಂದು ಅವರು ಉತ್ತರ ಕೊಡುವುದುಂಟು. ಬೆರಳಿನ ವಿಷಯಕ್ಕೆ ಡಾಕ್ಟರ ಹತ್ತಿರ ಹೋಗಿರಲಿಲ್ಲ. ಡಾಕ್ಟರು ಕೆಲಸ ಬಿಡಿ ಎನ್ನುತ್ತಾರೆ, ತಾನು ಆಗಲಿ ಎಂದುಬಿಡುತ್ತೇನೆ ಎಂಬುದು ಅವರಿಗೆ ಗೊತ್ತಿತ್ತು.

ಬಿಡಲು ಅಡ್ಡವಾಗಿದ್ದದ್ದು ಪುಟ್ಟಿ. ಜನ ಈ ಅಂಗಡಿಗೆ ಬರುವುದು ಆಕಾರ ಕೆಟ್ಟ ಟೋಪಿ ಹಿಡಿದುಕೊಂಡು. ಬಂದಾಗ ಹಾಗೇ ಒಂದು ರಿಬ್ಬನ್ನೂ ಹಾಕಿಸಿಕೊಳ್ಳುತ್ತಾರೆ. ಬರೀ ರಿಬ್ಬನ್ನಿಗೆ ಯಾರೂ ಬೀದಿ ದಾಟಿ ಬರುವುದಿಲ್ಲ. ಹಬೆ ನಿಂತರೆ ಸೂಜಿಯೂ ನಿಲ್ಲುತ್ತದೆ. ಪುಟ್ಟಿ ಮದುವೆಯಾಗಲಿಲ್ಲ, ಅಂಗಡಿಯ ಹಿಂದಿನ ಕೋಣೆಯಲ್ಲಿ ಇದ್ದಾಳೆ. ಯಾವಾಗಲೋ ಒಮ್ಮೆ, ಯಾರ ಮೇಲೂ ಸಿಟ್ಟಿಲ್ಲದೆ, ಅವಳು ಹೇಳಿದ್ದಳು: "ಅಣ್ಣನ ಮನೇಲಿ ಉಣ್ಣೋದು ಬೇರೆ, ಅಣ್ಣನ ಮನೇಲಿದ್ದು ನನ್ನ ಅನ್ನ ಉಣ್ಣೋದು ಬೇರೆ." ಆ ಮಾತು ಅತ್ತಿಗೆಯ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಹಾಗಾಗಿ ಅವರು ನಿಂತೇ ಇದ್ದರು. ಬೆರಳು ಕೈಕೊಟ್ಟ ಮೇಲೆ ಕೆನ್ನೆಯಿಂದ ಕೆಲಸ ನಡೆಸಿದರು. ಒಂದು ಟೋಪಿಯೂ ದೂರು ಹೊತ್ತು ವಾಪಸು ಬಂದಿರಲಿಲ್ಲ. ಅಷ್ಟು ಸಮಾಧಾನ.

ಆ ದಿನ ಪುಟ್ಟಿ ರಿಬ್ಬನ್ ತರಲು ಊರಿನ ಇನ್ನೊಂದು ತುದಿಯ ಸಗಟು ಅಂಗಡಿಗೆ ಹೊರಟುಹೋದ ಮೇಲೆ ರೈಲಿನವರು ಬಂದರು. ಇಂಜಿನ್ ಓಡಿಸಿ ನಿವೃತ್ತರಾದವರು. ಉದ್ದ ಆಳು, ಬಾಗಿಲಲ್ಲಿ ಬಗ್ಗದೆ ಒಳಗೆ ಬರಲಾರರು. ತಣ್ಣನೆಯ ಗಾಳಿ ಶುರುವಾಗುವ ಮುಂಚೆ ಪ್ರತಿ ವರ್ಷ ತಮ್ಮ ಬೂದು ಟೋಪಿಯನ್ನು ಇಲ್ಲಿ ಸರಿಮಾಡಿಸಿಕೊಳ್ಳುವುದು ಅವರ ರೂಢಿ. ಈ ಸಲ ಟೋಪಿ ಅವರ ತಲೆಯ ಮೇಲೆ ಕೊಡಕ್ಕೆ ಲೋಟ ಮಗುಚಿದ ಹಾಗೆ ಕೂತಿತ್ತು.

"ತಲೆ ದೊಡ್ಡದಾಯ್ತೋ ಟೋಪಿ ಚಿಕ್ಕದಾಯ್ತೋ, ನೀವೇ ನೋಡಿ ಹೇಳಿ ಟೋಪಿಯಮ್ಮ."

"ಈ ವಯಸ್ಸಲ್ಲಿ ತಲೆ ಬೆಳೆಯಲ್ಲ. ಎಲ್ಲಿಟ್ಟಿದ್ರಿ ಇದನ್ನ?"

"ಮಗನ ಕಾರಲ್ಲಿ. ಹಿಂದಿನ ಗಾಜಿನ ಹತ್ರ."

"ಬಿಸಿಲಲ್ಲಿ?"

"ನಾನಿಟ್ಟಾಗ ನೆರಳಿತ್ತಪ್ಪ. ಬಿಸಿಲೇನು ಹೇಳಿ ಕೇಳಿ ಬರುತ್ತಾ?"

ಹಲಗೆ ಗೋಡೆಯ ಆಚೆಯಿಂದ ಗಂಡನ ದನಿ ಬಂತು: "ಈ ಕಡೆ ಬನ್ನಿ ಸ್ವಾಮಿ, ನಾಲ್ಕು ಕೂದಲು ತೆಗೀತೀನಿ, ತಾನೇ ಹಿಡಿಸುತ್ತೆ."

"ಇರೋದೇ ನಾಲ್ಕು. ಅದನ್ನೂ ಕೊಟ್ಟು ಇಲ್ಲಿ ಟೋಪಿ ಹಾಕಿಸ್ಕೊಂಡು ಹೋಗ್ಲಾ? ಗಂಡ ಹೆಂಡ್ತಿ ಸೇರಿ ಒಳ್ಳೆ ಧಂದೆ ಇಟ್ಕೊಂಡಿದ್ದೀರಿ."

ರೈಲಿನವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ತೆಗೆಯುವಾಗ ಮುಂದಿನ ಎರಡು ಚಿವುಟುಗಳನ್ನು ಹೆಬ್ಬೆರಳು ತೋರುಬೆರಳುಗಳಲ್ಲಿ ಹಿಡಿದು ಎತ್ತಿದರು. ನೆತ್ತಿಯ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಒತ್ತಿದ ಆ ಗುಳಿಗಳಿಗೆ ಚಿವುಟು ಎಂದು ಹೆಸರಿದ್ದರೂ ಅವು ಹಿಡಿಯಾಗಿ ಇರುವವಲ್ಲ. ಟೋಪಿ ಎತ್ತಬೇಕಾದದ್ದು ಅಂಚು ಹಿಡಿದು. ದಿನಾ ಚಿವುಟಿ ಎತ್ತಿದರೆ ಒಂದಲ್ಲ ಒಂದು ದಿನ ಅಲ್ಲಿಯೇ ಬಿರುಕು ಬಿಡುತ್ತದೆ. ಒದ್ದೆಯಾದಾಗ ಅಂಚಿನ ಮೇಲೆ ನಿಲ್ಲಿಸಬಾರದು, ಮಗುಚಿ ನೆತ್ತಿಯ ಮೇಲೆ ಇಡಬೇಕು, ಒಲೆಯ ಹತ್ತಿರ ಒಣಗಿಸಬಾರದು. ಇದನ್ನೆಲ್ಲ ಟೋಪಿಯಮ್ಮ ಪ್ರತಿ ಗಿರಾಕಿಗೂ ಪ್ರತಿ ವರ್ಷವೂ ಹೇಳುತ್ತಾರೆ. ಗಿರಾಕಿಗಳು ತಲೆಯಾಡಿಸಿ, ಚಿವುಟಿ ಎತ್ತಿ ತಲೆಗೆ ಹಾಕಿಕೊಂಡು ಹೊರಡುತ್ತಾರೆ.

"ನಾಳೆ ಮಧ್ಯಾಹ್ನಕ್ಕೆ ಬೇಕಲ್ಲ" ಎಂದರು ರೈಲಿನವರು. "ಸಾಯಂಕಾಲ ನನ್ನ ಜೊತೆ ಇಂಜಿನ್ನಲ್ಲಿದ್ದೋರೆಲ್ಲ ಸೇರ್ತಾ ಇದ್ದೀವಿ. ಬೋಳುತಲೇಲಿ ಹೋದ್ರೆ ಹೆಡ್‌ಲೈಟ್ ಬಂತು ಅಂತಾರೆ, ಬಿಡೋ ಪೈಕಿ ಅಲ್ಲ ಅವರು."

"ಕೊಡ್ತೀನಿ ಬನ್ನಿ."

ಕುಗ್ಗಿದ ಟೋಪಿಯನ್ನು ಹಿಗ್ಗಿಸಲು ಅಂಗಡಿಯಲ್ಲಿ ಒಂದು ಸಾಧನವಿದೆ: ನಡುವೆ ಸೀಳಿದ ಮರದ ತಲೆ, ಸೀಳಿನಲ್ಲಿ ಒಂದು ತಿರುಪು. ತಿರುಪು ತಿರುಗಿಸಿದಷ್ಟೂ ಎರಡು ಹೋಳು ದೂರ ಸರಿಯುತ್ತವೆ. ಅದರ ಹೆಸರು ಸೀಳುತಲೆ. ಅದರ ಮೇಲೆ ಕೂರಿಸುವ ಮೊದಲು ಅಸ್ತರು ಬಿಚ್ಚಬೇಕು. ಅದು ಪುಟ್ಟಿಯ ಕೆಲಸ. ಪುಟ್ಟಿ ಬರುವುದು ತಡವಾಗುತ್ತದೆ, ಟೋಪಿ ರಾತ್ರಿಯಿಡೀ ಸೀಳುತಲೆಯ ಮೇಲಿದ್ದರೆ ಒಳ್ಳೆಯದು ಎಂದು ಎಣಿಸಿ ಟೋಪಿಯಮ್ಮ ತಾವೇ ಕತ್ತರಿ ಹಿಡಿದರು. ದಾರ ಬೆರಳಿಗೆ ಸಿಗಲಿಲ್ಲ. ಕಿಟಕಿಯ ಹತ್ತಿರ ಹೋಗಿ, ಗಾಜಿನ ಮಂಜನ್ನು ಸೆರಗಿನಿಂದ ಒರೆಸಿ, ಕಣ್ಣಳತೆಯಲ್ಲಿ ಒಂದೊಂದೇ ಹೊಲಿಗೆ ಕತ್ತರಿಸಿದರು.

ಅಸ್ತರು ಕಳಚಿತು. ಎಡ ಚಿವುಟಿನ ಹಿಂದೆ, ಒಳಮೈಯಲ್ಲಿ, ಒಂದು ತೇಪೆ ಇತ್ತು.

ಎಲೆಯಾಕಾರಕ್ಕೆ ಕತ್ತರಿಸಿದ ಬೂದು ರೇಷ್ಮೆಯ ತುಂಡು. ಫೆಲ್ಟಿನ ಅರ್ಧ ದಪ್ಪಕ್ಕೆ ಮಾತ್ರ ಸೂಜಿ ಇಳಿಸಿ ಹೊಲಿದಿದ್ದರಿಂದ ಹೊರಗಡೆ ಒಂದು ಎಳೆಯೂ ಕಾಣುತ್ತಿರಲಿಲ್ಲ. ಟೋಪಿಯನ್ನು ಬೆಳಕಿಗೆ ಎತ್ತಿದರು. ತೇಪೆಯ ಅಂಚಿನ ಸುತ್ತ ಫೆಲ್ಟು ಜರಡಿಯ ಹಾಗೆ ಬೆಳಕು ಬಿಡುತ್ತಿತ್ತು. ಒಪ್ಪಿದ ಮೇಲೂ ಎಳೆದ ಕೈಯ ಗುರುತು ಅದು. ಆ ಟೋಪಿಗೆ ಬೇರೆ ಯಾರ ಕೈಯೂ ಬಿದ್ದಿರಲಿಲ್ಲ. ಹೊಲಿಗೆ ಯಾರದೆಂದೂ ಕೇಳಬೇಕಾಗಿರಲಿಲ್ಲ. ಅಷ್ಟು ಚಿಕ್ಕದಾಗಿ, ಅಷ್ಟು ಒತ್ತೊತ್ತಾಗಿ ಹೊಲಿಯುವವರು ಆ ಅಂಗಡಿಯಲ್ಲಿ ಒಬ್ಬರೇ.

ಅವರು ಹಲಗೆಯ ಮೇಲಿಂದ, ಗಿರಾಕಿಗಳಿಗೆ ಒಪ್ಪಿಸಲು ಸಿದ್ಧವಾಗಿದ್ದ ಟೋಪಿಗಳನ್ನು ಒಂದೊಂದಾಗಿ ಇಳಿಸಿದರು. ಕಪ್ಪು ಟೋಪಿಯ ಅಸ್ತರಿನ ಕೆಳಗೆ ಕಪ್ಪು ತೇಪೆ. ಹಸಿರಿಗೆ ಹಸಿರು. ಹೋದ ವಾರವಷ್ಟೇ ತಾವು ಮೆಚ್ಚಿಕೊಂಡು ಇಟ್ಟಿದ್ದ ಮದುಮಗನ ಟೋಪಿಗೆ ಎರಡು. ಒಂದು ನಸುಬಿಳಿ ಟೋಪಿಯಲ್ಲಿ ಮಾತ್ರ ಏನೂ ಇರಲಿಲ್ಲ. ಒಂದು ಕ್ಷಣ ಮನಸ್ಸು ಹಗುರವಾಯಿತು. ಆಮೇಲೆ ನೆನಪಾಯಿತು, ಅದು ಬರೀ ಬ್ರಷ್ ಮಾಡಲು ಬಂದಿದ್ದ ಟೋಪಿ. ಹಬೆಯ ಹತ್ತಿರವೇ ಹೋಗಿರಲಿಲ್ಲ.

ನಡುವಿನ ಬಾಗಿಲಲ್ಲಿ ಗಂಡ ಬಿಸಿನೀರಿಗೆ ಬಂದು ನಿಂತರು. ಹೆಂಡತಿ ಪುಟ್ಟಿಯ ಸ್ಟೂಲಿನ ಮೇಲೆ ಕೂತಿದ್ದರು. ಕೆಲಸದ ಹೊತ್ತಿನಲ್ಲಿ ಅವರು ಕೂತದ್ದನ್ನು ಆತ ನೋಡಿದ್ದಿಲ್ಲ.

"ಏನಾಯ್ತೇ? ತಲೆ ಸುತ್ತಾ?"

ಟೋಪಿಯಮ್ಮ ಬೂದು ಟೋಪಿಯ ಒಳಮೈ ತೋರಿಸಿದರು. ಗಂಡ ನೋಡಿದರು. ಕೈಯಲ್ಲಿದ್ದ ಕತ್ತಿಯನ್ನು ಟವೆಲಿನಿಂದ ಒರೆಸಿದರು. ಅದು ಆಗಲೇ ಒಣಗಿತ್ತು, ಮತ್ತೆ ಒರೆಸಿದರು.

"ನಿಮಗೂ ಗೊತ್ತಿತ್ತಾ ರೀ?"

"ಪುಟ್ಟಿ ಹೇಳ್ಬೇಡ ಅಂದಿದ್ಳು."

"ಊರಿಗೆಲ್ಲ ಟೋಪಿ ಹಾಕೋಳು ನಾನು. ನೀವು ಅಣ್ಣತಂಗಿ ಸೇರ್ಕೊಂಡು ನನಗೇ ಹಾಕಿದ್ರಲ್ಲ."

ಅದು ತಮಾಷೆಯೋ ಅಲ್ಲವೋ ಗಂಡನಿಗೆ ತಿಳಿಯಲಿಲ್ಲ. ಆಚೆ ಕಡೆ ಮುಖಕ್ಕೆ ಸೋಪು ಬಳಿದುಕೊಂಡು ಕೂತಿದ್ದ ಗಿರಾಕಿ ಕೆಮ್ಮಿದ. ಗಂಡ ನೀರು ತೆಗೆದುಕೊಳ್ಳದೆ ಹೊರಟುಹೋದರು.

ಪುಟ್ಟಿ ಬಂದದ್ದು ಮಧ್ಯಾಹ್ನದ ಮೇಲೆ, ಕಂಕುಳಲ್ಲಿ ರಿಬ್ಬನ್ ಸುರುಳಿಗಳ ಪೊಟ್ಟಣ ಹಿಡಿದುಕೊಂಡು. ಬಿಚ್ಚಿದ ಅಸ್ತರುಗಳು ಮೇಜಿನ ಮೇಲೆ ಸಾಲಾಗಿ ಬಿದ್ದಿದ್ದವು. ಅವಳು ಪೊಟ್ಟಣ ಇಳಿಸಲಿಲ್ಲ.

"ಯಾಕತ್ತಿಗೆ ನನ್ನ ಕೆಲಸಕ್ಕೆ ಕೈ ಹಾಕಿದ್ರಿ?"

"ನೀನು ನನ್ನ ಕೆಲಸಕ್ಕೆ ಹಾಕಿರ್ಲಿಲ್ವಾ?"

"ನಾನು ಒಳಗಡೆ ಹಾಕಿದ್ದೆ. ಒಳಗಡೆದು ನಂದೇ."

"ಮಾತಲ್ಲಿ ನಿನ್ನ ಸೋಲಿಸೋಕಾಗುತ್ತಾ? ಯಾವಾಗಿಂದ ಇದು?"

ಪುಟ್ಟಿ ಕನ್ನಡಕ ತೆಗೆದು ಒರೆಸಿಕೊಂಡಳು. "ನೀವು ಕೆನ್ನೆಗೆ ಹಿಡಿಯೋಕೆ ಶುರು ಮಾಡಿದಾಗಿಂದ."

"ಒಂದು ಮಾತು ಹೇಳ್ಬಾರದಿತ್ತಾ?"

"ಏನಂತ ಹೇಳ್ಬೇಕಿತ್ತು? ಅತ್ತಿಗೆ, ನಿಮ್ಮ ಕೈ ಕೆಟ್ಟಿದೆ ಅಂತಾನಾ? ನಾದಿನಿ ಬುದ್ಧಿ ತೋರಿಸಿಬಿಟ್ಳು ಅಂತ ಬೀದಿ ತುಂಬ ಆಡ್ಕೊಳ್ಳೋರು. ನೀವೂ ಆಡ್ಕೊಳ್ತಿದ್ರಿ."

ಟೋಪಿಯಮ್ಮ ಯೋಚಿಸಿದರು. "ಆಡ್ಕೊಳ್ತಿದ್ದೆ" ಎಂದರು.

"ಮತ್ತೆ?"

"ನಿಮ್ಮಮ್ಮ ಮಾಡಿಟ್ಟು ಹೋದದ್ದು ಇದು. ಬೇಯೋ ಕೆಲಸ ಸೊಸೆಗೆ, ಕೂತು ಮಾಡೋ ಕೆಲಸ ಮಗಳಿಗೆ. ನಾನು ಬಂದ ದಿನಾನೇ ತಿಳ್ಕೊಂಡೆ."

ಪುಟ್ಟಿ ಪೊಟ್ಟಣವನ್ನು ಧೊಪ್ಪೆಂದು ಮೇಜಿನ ಮೇಲೆ ಹಾಕಿದಳು. "ಬೇಯೋದಾ? ಅಮ್ಮ ವಿದ್ಯೆ ಕೊಟ್ಟಿದ್ದು ನಿಮಗೆ ಅತ್ತಿಗೆ. ಹೊರಗಿಂದ ಬಂದೋರಿಗೆ ಕೈ ಹಿಡಿದು ಹಬೆ ಕಲಿಸಿದ್ರು. ಹೊಟ್ಟೇಲಿ ಹುಟ್ಟಿದೋಳಿಗೆ ದಾರ ಕೊಟ್ಟು ಮೂಲೇಲಿ ಕೂರಿಸಿದ್ರು. ಟೋಪಿಯಮ್ಮ ಅಂತ ಯಾರನ್ನ ಕರೀತಾರೆ? ನನ್ನನ್ನಾ? ನನಗೆ ದಾರದಮ್ಮ ಅಂತಾನೂ ಯಾರೂ ಅನ್ನಲಿಲ್ಲ."

ಇಷ್ಟು ವರ್ಷ ಎದುರುಬದುರು ಕೂತು ನಿಂತು ಕೆಲಸ ಮಾಡಿದ ಇಬ್ಬರೂ ಒಂದೇ ಹಂಚಿಕೆಯಲ್ಲಿ ತನಗೇ ಮೋಸವಾಯಿತೆಂದು ತಿಳಿದುಕೊಂಡಿದ್ದರು. ಅದನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ನಡುವಿನ ಬಾಗಿಲಾಚೆ ಕತ್ತರಿಯ ಸದ್ದು ನಿಂತಿತ್ತು.

"ಅಮ್ಮ ಪುಣ್ಯವಂತೆ, ಬೇಗ ಹೋದ್ಲು" ಎಂದರು ಗಂಡ ಆಚೆಯಿಂದ.

"ನೀವು ಸುಮ್ನಿರಿ" ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಆಮೇಲೆ ಟೋಪಿಯಮ್ಮ ಬಹಳ ದಿನದಿಂದ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದರು. ದನಿ ಎತ್ತಲಿಲ್ಲ. "ನನಗೆ ಸಾಕಾಗಿದೆ ಪುಟ್ಟಿ. ಇವತ್ತಲ್ಲ, ನಿನ್ನೆಯಲ್ಲ. ನಾನು ಕೂತ್ರೆ ನಿನ್ನ ಗತಿ ಏನು ಅಂತ ನಿಂತ್ಕೊಂಡೇ ಇದ್ದೆ."

"ನೀವು ನಿಂತೇ ಇರ್ತೀರಲ್ಲ ಅಂತ ನಾನು ತೇಪೆ ಹಾಕ್ತಾನೇ ಇದ್ದೆ."

"ಸಾಕು ಅಂತ ನೀನಾದ್ರೂ ಒಂದು ಸಲ ಅಂದಿದ್ರೆ."

"ಸಾಕು ಅನ್ನೋಕೆ ನಿಮಗೇನಾಗಿತ್ತು? ಮರಗಟ್ಟಿದ್ದು ಬೆರಳು, ಬಾಯಲ್ಲವಲ್ಲ."

ಟೋಪಿಯಮ್ಮನಿಗೆ ನಗು ಬಂತು. ನಕ್ಕಾಗ ಭುಜ ನೋಯಿತು. ಪುಟ್ಟಿ ನಗಲಿಲ್ಲ, ಅತ್ತಿಗೆಯ ಕೈಯನ್ನು ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಬಲಗೈಯ ನಡುಬೆರಳ ತುದಿಯಲ್ಲಿ ಬೊಬ್ಬೆಯೊಂದು ಎದ್ದು, ಒಡೆದು, ಒಣಗಿತ್ತು. ಅದು ಯಾವಾಗ ಎದ್ದಿತೆಂದು ಟೋಪಿಯಮ್ಮನಿಗೆ ಗೊತ್ತಿರಲಿಲ್ಲ.

ಜಗಳ ಮುಗಿದರೂ ಬೂದು ಟೋಪಿ ಹಾಗೇ ಇತ್ತು. ತೇಪೆ ಇರುವಷ್ಟು ಹೊತ್ತು ಅದು ಹಿಗ್ಗುವಂತಿಲ್ಲ: ಫೆಲ್ಟು ಹಿಗ್ಗುತ್ತದೆ, ರೇಷ್ಮೆ ಹಿಗ್ಗುವುದಿಲ್ಲ, ಚಿವುಟಿನ ಸುತ್ತ ಸುಕ್ಕು ಬೀಳುತ್ತದೆ. ತೇಪೆ ತೆಗೆದರೆ ತೆಳು ಜಾಗ ತಡೆಯುತ್ತದೋ ಇಲ್ಲವೋ. ಪುಟ್ಟಿ ತಾನು ಹೊಲಿದದ್ದನ್ನು ತಾನೇ ಬಿಚ್ಚಿದಳು. ಮರುದಿನ ಬೆಳಗ್ಗೆ ಟೋಪಿಯಮ್ಮ ಸ್ಟೂಲಿನ ಮೇಲೆ ಕೂತರು, ಪುಟ್ಟಿ ಕೆಟಲಿನ ಮುಂದೆ ನಿಂತಳು. ಇಬ್ಬರಿಗೂ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಹಬೆಗೆ ಹೆದರಬೇಡ. ಹತ್ರ ಹಿಡಿ."

"ಸುಡುತ್ತೆ ಅತ್ತಿಗೆ."

"ಸುಡುತ್ತೆ. ತಿರುಗಿಸು. ಒಪ್ಪಿತಾ?"

"ಒಪ್ಪಿದ್ರೆ ಹೇಗಿರುತ್ತೆ?"

ಟೋಪಿಯಮ್ಮ ತಮ್ಮ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿ ನೋಡಿದರು. "ಗೊತ್ತಾಗುತ್ತೆ."

"ಯಾವಾಗ?"

"ಒಪ್ಪಿದಾಗ."

"ಥೇಟ್ ನಿಮ್ಮತ್ತೆ ಹಾಗೇ ಆಡ್ತೀರಿ. ಅಮ್ಮನೂ ಹೀಗೇ ಗಂಟು ಬಿಚ್ಚಿ ಹೇಳ್ತಿರ್ಲಿಲ್ಲ."

"ನನಗೆ ಬೈದು ಬೈದು ಕಲಿಸಿದ್ರು. ನಿನಗೆ ಬೈಯೋಕೆ ನನಗೆ ಶಕ್ತಿ ಇಲ್ಲ."

ಪುಟ್ಟಿಯ ಬೆರಳುಗಳಿಗೆ ಸ್ಪರ್ಶ ಚೆನ್ನಾಗಿತ್ತು, ಧೈರ್ಯ ಇರಲಿಲ್ಲ. ಟೋಪಿ ಸೀಳುತಲೆಯ ಮೇಲೆ ಅಳತೆಗೆ ಹಿಗ್ಗಿತು. ಅದು ತಿರುಪಿನ ಕೆಲಸ. ಚಿವುಟು ಕೊಡುವಾಗ ಎಲ್ಲಿ ಹರಿದುಹೋಗುತ್ತದೋ ಎಂಬ ಭಯಕ್ಕೆ ಅವಳು ಒಪ್ಪುವ ಮೊದಲೇ ಒತ್ತಿ ಕೈ ತೆಗೆದಳು. ಬಲ ಚಿವುಟು ಹೇಗೋ ಕೂತಿತು. ಎಡಗಡೆಯದು ಅರ್ಧ ಇಳಿದು, ತಣ್ಣಗಾಗುತ್ತ ಮೆಲ್ಲಗೆ ಮೇಲೆದ್ದು ಚಪ್ಪಟೆಯಾಗಿ ನಿಂತಿತು. ಇನ್ನೊಂದು ಸಲ ಹಬೆ ತೋರಿಸಲು ಆ ಜಾಗದಲ್ಲಿ ದಪ್ಪ ಉಳಿದಿರಲಿಲ್ಲ. ಪುಟ್ಟಿ ಹೊಸ ತೇಪೆ ಹೊಲಿದು, ಅಸ್ತರು ಮುಚ್ಚಿದಳು.

ರೈಲಿನವರು ಬರುವ ಹೊತ್ತಿಗೆ ಗಂಡ ನಡುವಿನ ಬಾಗಿಲಲ್ಲಿ ತಲೆ ಹಾಕಿ ತಗ್ಗಿದ ದನಿಯಲ್ಲಿ ಹೇಳಿದರು: "ಅವರೇ ಚಿವುಟಿ ಎತ್ತೋದು, ನಾನೇ ಎಷ್ಟು ಸಲ ನೋಡಿದ್ದೀನಿ. ಅವರ ಬೆರಳಿನ ಮೇಲೆ ಹಾಕಿಬಿಡು. ಯಾವ ಅಂಗಡಿಯೋರು ಹಾಕಲ್ಲ?"

ಅದು ನಿಜ. ಟೋಪಿ ಅಂಗಡಿಗಳಲ್ಲಿ ಗಿರಾಕಿಯ ಬೆರಳೇ ಎಲ್ಲ ಬಿರುಕಿಗೂ ಹೊಣೆ. ಟೋಪಿಯಮ್ಮನೂ ಆ ಮಾತನ್ನು ನಿಜವಿದ್ದಾಗ ಎಷ್ಟೋ ಸಲ ಹೇಳಿದ್ದರು. ಇವತ್ತು ಹೇಳಿದರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಅಂಗಡಿ ನಿನ್ನೆಯಂತೆಯೇ ನಾಳೆಯೂ ನಡೆಯುತ್ತಿತ್ತು, ಅವರೂ ನಿಂತೇ ಇರುತ್ತಿದ್ದರು.

ರೈಲಿನವರು ಟೋಪಿ ಹಾಕಿಕೊಂಡು ಕ್ಷೌರದಂಗಡಿಯ ದೊಡ್ಡ ಕನ್ನಡಿಯ ಮುಂದೆ ಹೋಗಿ ನಿಂತರು. ಆ ಕಡೆ ಈ ಕಡೆ ತಿರುಗಿದರು.

"ಅಳತೆ ಸರಿಯಾಯ್ತು. ಎಡಗಡೆ ಯಾಕೋ ಚಪ್ಪಟೆ."

"ಹೌದು. ಅಲ್ಲಿ ತೆಳುವಾಗಿದೆ. ಒಳಗೆ ತೇಪೆ ಹಾಕಿದ್ದೀವಿ."

"ನಾನೇನಾದ್ರೂ?"

"ಇಲ್ಲ. ಹೋದ ವರ್ಷ ನನ್ನ ಕೈಯಿಂದಾನೇ ಆಗಿದ್ದು. ಬೆರಳಿಗೆ ಏನೂ ಗೊತ್ತಾಗ್ತಿಲ್ಲ ನನಗೆ. ಜಾಸ್ತಿ ಎಳೆದುಬಿಟ್ಟಿದ್ದೀನಿ. ಯಂತ್ರದಲ್ಲಿ ಒತ್ತೋ ಅಂಗಡಿಗೆ ಇದನ್ನ ಕೊಡಬೇಡಿ, ಹರಿದುಹೋಗುತ್ತೆ."

ರೈಲಿನವರು ಕನ್ನಡಿಯಲ್ಲಿ ನೋಡಿಕೊಳ್ಳುತ್ತ ಚಪ್ಪಟೆ ಜಾಗವನ್ನು ಬೆರಳಿನಿಂದ ಸವರಿದರು. ಗಂಡ ಸುಮ್ಮನೆ ಖಾಲಿ ಕುರ್ಚಿಯ ಮೇಲಿನ ಕೂದಲು ಕೊಡವುತ್ತಿದ್ದರು.

"ಹೋದ ವರ್ಷಾನೇ ಹೇಳಬಹುದಿತ್ತಲ್ಲಮ್ಮ."

"ಹೇಳಬಹುದಿತ್ತು."

"ಹೋಗ್ಲಿ ಬಿಡಿ" ಎಂದರು ರೈಲಿನವರು. ಬಿಟ್ಟವರ ದನಿಯಾಗಿರಲಿಲ್ಲ ಅದು. ಟೋಪಿಯನ್ನು ಎಡಗಡೆಗೆ ಸ್ವಲ್ಪ ವಾಲಿಸಿಕೊಂಡರು. ಹಾಗೆ ಹಾಕಿದರೆ ಚಪ್ಪಟೆ ಬದಿ ಹುಬ್ಬಿನ ಮೇಲಿನ ನೆರಳಿಗೆ ಸೇರಿ ಅಷ್ಟಾಗಿ ಕಾಣುತ್ತಿರಲಿಲ್ಲ. ಬಗ್ಗಿ ಬಾಗಿಲು ದಾಟಿದರು. ಮುಂದಿನ ವರ್ಷ ಬರುತ್ತೇನೆಂದು ಪ್ರತಿ ಸಲ ಹೇಳುತ್ತಿದ್ದವರು ಈ ಸಲ ಹೇಳಲಿಲ್ಲ.

ಉಳಿದ ಗಿರಾಕಿಗಳಿಗೂ ಹೀಗೆಯೇ ಒಬ್ಬೊಬ್ಬರಿಗೆ ಹೇಳುವುದಾಯಿತು. ಮದುಮಗ ಸಿಟ್ಟಾದ. ಹಸಿರು ಟೋಪಿಯ ಮುದುಕಿ ತೇಪೆಯನ್ನು ಬೆಳಕಿಗೆ ಹಿಡಿದು ನೋಡಿ, ಹೊಲಿಗೆ ಬಹಳ ಚೆನ್ನಾಗಿದೆ, ಯಾರು ಹಾಕಿದ್ದು ಎಂದು ಕೇಳಿದಳು. ಪುಟ್ಟಿ ತಾನೆಂದು ಹೇಳಲಿಲ್ಲ. ಅತ್ತಿಗೆ ಹೇಳಿದರು.

ಈಗ ಆಕಾರ ಕೆಟ್ಟ ಟೋಪಿ ತಂದವರಿಗೆ ಸದ್ಯಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಾರೆ. ಬರುವವರು ಕಡಿಮೆಯಾಗಿದ್ದಾರೆ. ಯಾರೂ ವಾಪಸು ಒಯ್ಯದೆ ಬಿಟ್ಟುಹೋದ ಹಳೆಯ ಟೋಪಿಗಳ ಮೇಲೆ ಪುಟ್ಟಿ ಬೆಳಗ್ಗೆ ಕೈ ಪಳಗಿಸುತ್ತಾಳೆ, ಬಹಳಷ್ಟನ್ನು ಕೆಡಿಸಿದ್ದಾಳೆ. ಅವಳಿಗೆ ಅದು ಬರುತ್ತದೋ ಇಲ್ಲವೋ ಹೇಳುವುದು ಕಷ್ಟ. ಟೋಪಿಯಮ್ಮ ಪಕ್ಕದಲ್ಲಿ ಕೂತಿರುತ್ತಾರೆ, ಕೆಲವು ಸಲ ಕೂತಲ್ಲೇ ತೂಕಡಿಸುತ್ತಾರೆ. ಈ ಬುಧವಾರ ಎರಡೂ ಅಂಗಡಿಗಳು ಮಧ್ಯಾಹ್ನದವರೆಗೆ ಮುಚ್ಚಿರುತ್ತವೆ. ಬೆರಳು ತೋರಿಸಲು ಮೂವರೂ ಆಸ್ಪತ್ರೆಗೆ ಹೋಗುತ್ತಿದ್ದಾರೆ.